ಗೋಡೆಯತ್ತ ಮಿನುಗಿದ ದೀಪ

ಬೆಳಗಿನ ಐದೂ ಮುಕ್ಕಾಲು. ಸುಪೀರಿಯರ್ ಸರೋವರದ ಮೇಲೆ ಇನ್ನೂ ಬೆಳಕು ಹರಿದಿಲ್ಲ. ಕೋಸ್ಕಿ ಬೇ ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಬರುವ ಡಾ. ಮಾರ್ಲಿಸ್ ಹಾಪಲಾ ಕೋಟು ಕಳಚಿ ಮೊಳೆಗೆ ತಗುಲಿಸುತ್ತಾರೆ, ಬೂಟು ಬಿಚ್ಚಿ ಉಣ್ಣೆಯ ಚಪ್ಪಲಿ ಮೆಟ್ಟುತ್ತಾರೆ, ಫ್ಲಾಸ್ಕಿನ ಕಾಫಿಯನ್ನು ಮುಚ್ಚಳಕ್ಕೆ ಬಗ್ಗಿಸಿಕೊಂಡು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರುತ್ತಾರೆ. ಎದುರಿಗೆ ಮೂರು ಪರದೆ. ಕೂತ ಮೇಲೆ ಅರೆನಿಮಿಷ ಕಣ್ಣು ಮುಚ್ಚುತ್ತಾರೆ. ತುಟಿ ಅಲುಗುತ್ತದೆ. ಆಮೇಲೆ ಮೈಕು ಹತ್ತಿರಕ್ಕೆ ಎಳೆದುಕೊಂಡು ಮೊದಲ ಚಿತ್ರ ತೆರೆಯುತ್ತಾರೆ.

"ಎಡ ಮೊಣಕಾಲು, ಎರಡು ಕೋನ. ಮೂಳೆ ಮುರಿದಿಲ್ಲ. ಒಳಬದಿಯ ಸಂದು ಸವೆದಿದೆ. ನೀರು ತುಂಬಿಲ್ಲ."

ದನಿಗೆ ಏರಿಳಿತ ಕಡಿಮೆ. ಆದರೆ ಎಲ್ಲಿ ನಿಲ್ಲಬೇಕೆಂಬುದು ಗೊತ್ತು. ಪದ್ಯ ಬಾಯಿಗೆ ಬಂದವರು ಯತಿಯ ಬಳಿ ಉಸಿರು ತೆಗೆದುಕೊಳ್ಳುವ ಹಾಗೆ, ಅವರು ಒಂದು ಎಲುಬಿಗೂ ಇನ್ನೊಂದು ಎಲುಬಿಗೂ ನಡುವೆ ನಿಲ್ಲುತ್ತಾರೆ. ಬಾಗಿಲ ಹೊರಗಿನಿಂದ ಕೇಳಿದರೆ ಯಾರೋ ಪ್ರಾರ್ಥನೆಯ ಪುಸ್ತಕ ಓದುತ್ತಿದ್ದಾರೆ ಅನ್ನಿಸಬೇಕು.

ಅರವತ್ತಮೂರು ವರ್ಷದ ಮಾರ್ಲಿಸ್ ಈ ಊರಿಗೆ ಇರುವ ಒಬ್ಬರೇ ರೇಡಿಯಾಲಜಿಸ್ಟ್. ಎಕ್ಸ್-ರೇ, ಸಿ.ಟಿ. ಸ್ಕ್ಯಾನ್ ತೆಗೆಯುವವರು ಬೇರೆ. ತೆಗೆದದ್ದರಲ್ಲಿ ಏನಿದೆ ಎಂದು ನೋಡಿ ವರದಿ ಹೇಳುವವರು ಇವರು. ದಿನಕ್ಕೆ ಅರವತ್ತರಿಂದ ಎಪ್ಪತ್ತು ಎಕ್ಸ್-ರೇ, ಹನ್ನೆರಡೋ ಹದಿನೈದೋ ಸ್ಕ್ಯಾನ್. ಹೀಗೆ ಮೂವತ್ತೊಂದು ವರ್ಷ. ಊರಿನಲ್ಲಿ ಇವರು ಕಾಣದ ಬೆನ್ನುಮೂಳೆ ಇಲ್ಲ. ಆ ಬೆನ್ನುಗಳ ಯಜಮಾನರನ್ನು ಕೇಳಿದರೆ ಮಾತ್ರ, ಮಾರ್ಲಿಸ್ ಆಸ್ಪತ್ರೆಯಲ್ಲಿ ಏನೋ ಮಾಡುತ್ತಾಳೆ ಎನ್ನುತ್ತಾರೆ.

"ಅಂಗಡೀಲಿ ಯಾರಾದ್ರೂ ಹೇಗಿದ್ದೀರಿ ಅಂದ್ರೆ ನಮ್ಮ ಡಾಕ್ಟ್ರು ಪಿಳಿಪಿಳಿ ನೋಡ್ತಾರೆ," ಎನ್ನುತ್ತಾರೆ ಸ್ಕ್ಯಾನ್ ಯಂತ್ರ ನಡೆಸುವ ಡೀನ್ ಲಾಹ್ತಿ, ಬಾಗಿಲಿಗೆ ಒರಗಿಕೊಂಡು. "ಹೆಸರು ಹೇಳಿದ ತಕ್ಷಣ ಮುಖ ಅರಳುತ್ತೆ. ಓ, ಪಿತ್ತಕೋಶದಲ್ಲಿ ಕಲ್ಲು, ಅಂತ ಮನಸ್ಸಲ್ಲೇ ಅಂದ್ಕೋತಾರೆ."

"ಬಾಯಿಬಿಟ್ಟು ಯಾವತ್ತೂ ಅಂದಿಲ್ಲ."

"ಒಂದ್ಸಲ ಅಂದಿದ್ರಿ."

"ಅದು ನಿನ್ನ ಮಾವ. ಅವರೇ ಕೇಳಿದ್ರು."

ಡೀನ್ ನಗುತ್ತಾರೆ. ಮಾರ್ಲಿಸ್ ನಗುವುದಿಲ್ಲ. ಇವತ್ತು ಸೆಪ್ಟೆಂಬರ್ ನಡುವಿನ ಗುರುವಾರ. ಏಳೂವರೆಗೆ ವೇಯ್ನ್ ಟಾಸ್ಕಿಲಾ ಬರುತ್ತಾರೆ. ಅವರ ಬಲ ಶ್ವಾಸಕೋಶದಲ್ಲಿ ಒಂದು ಗೆಡ್ಡೆ ಇದೆ. ಬೇಸಿಗೆಯಿಡೀ ಅದಕ್ಕೆ ಕಿರಣ ಹಾಯಿಸಿದ್ದಾರೆ, ಮದ್ದು ಹರಿಸಿದ್ದಾರೆ. ಅದು ಬಗ್ಗಿದೆಯೋ ಇಲ್ಲವೋ ಎಂಬುದು ಇವತ್ತು ಗೊತ್ತಾಗುತ್ತದೆ, ಮತ್ತು ಅದನ್ನು ಮೊದಲು ಕಾಣುವವರು ಮಾರ್ಲಿಸ್. ಏಲಕ್ಕಿ ಹಾಕಿದ ರೊಟ್ಟಿಯ ತುಂಡು ಫ್ಲಾಸ್ಕಿನ ಪಕ್ಕದಲ್ಲಿ ಮುಟ್ಟದೆ ಉಳಿದಿದೆ.

ವೇಯ್ನ್‌ಗೆ ಎಪ್ಪತ್ತನಾಲ್ಕು. ಹತ್ತೊಂಬತ್ತಕ್ಕೆ ನೌಕಾಪಡೆ ಸೇರಿ ನಾಲ್ಕು ವರ್ಷ ಹಡಗಿನ ಬಾಯ್ಲರ್ ಕೋಣೆಯಲ್ಲಿ ದುಡಿದವರು. ಕೊಳವೆಗಳಿಗೆ ಸುತ್ತಿದ್ದ ಕಲ್ನಾರು, ಎಂದರೆ ಆಸ್ಬೆಸ್ಟಾಸ್, ಕಿತ್ತು ಹೊಸದು ಸುತ್ತುವುದು ಅವರ ಪಾಲಿನ ಕೆಲಸವಾಗಿತ್ತು. ಆಮೇಲೆ ಊರಿಗೆ ಬಂದು ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸಿದರು. ಅವರ ಮನೆಯಿಂದ ಈ ಆಸ್ಪತ್ರೆಗೆ ನಾಲ್ಕು ಮೈಲಿ.

ನಮ್ಮ ಕಡೆ ಮೂರು ಮನೆಗೊಬ್ಬರು ಮಾಜಿ ಸೈನಿಕರು. ಸೈನಿಕರ ಆಸ್ಪತ್ರೆ ಮಾತ್ರ ದೂರ, ದಕ್ಷಿಣದಲ್ಲಿ. ಎಕ್ಸ್-ರೇಗೂ ನೂರಾರು ಮೈಲಿ ಹೋಗುತ್ತಿದ್ದವರನ್ನು ಮಾರ್ಲಿಸ್ ಚಿಕ್ಕಂದಿನಿಂದ ಕಂಡವರು. ಅವರ ತಂದೆಯೂ ಅವರಲ್ಲೊಬ್ಬರು.

"ಅಪ್ಪ ಕೊರಿಯಾದಿಂದ ಬೆನ್ನು ಹಾಳು ಮಾಡ್ಕೊಂಡು ಬಂದಿದ್ರು," ಎನ್ನುತ್ತಾರೆ. "ನಾನು ಇಲ್ಲಿ ಊರಿಗೆಲ್ಲಾ ಬೆನ್ನು ನೋಡ್ತಾ ಕೂತಿರ್ತಿದ್ದೆ. ಅವರು ಬೆಳಿಗ್ಗೆ ನಾಲ್ಕಕ್ಕೆ ಎದ್ದು ದಕ್ಷಿಣಕ್ಕೆ ಹೋಗೋರು. ಅಪ್ಪನ ಬೆನ್ನಿನ ಒಂದು ಚಿತ್ರಾನೂ ನಾನು ಓದಲಿಲ್ಲ."

ಸೈನಿಕರ ಆಸ್ಪತ್ರೆ ದೂರವಿದ್ದವರನ್ನು ಅವರವರ ಊರಿನ ವೈದ್ಯರ ಹತ್ತಿರವೇ ಕಳಿಸುವ ಏರ್ಪಾಡು ಬಂದಾಗ, ತಾವೂ ಆ ಪಟ್ಟಿಗೆ ಸೇರಬೇಕೆಂದು ಮಾರ್ಲಿಸ್ ಹಟ ಹಿಡಿದರು. ಸೇರುವುದು ಸುಲಭದ ಮಾತಲ್ಲ. ಪರವಾನಗಿ, ಓದಿನ ಪ್ರಮಾಣಪತ್ರ, ವಿಮೆ, ಎಲ್ಲೆಲ್ಲಿ ಎಷ್ಟೆಷ್ಟು ವರ್ಷ ಕೆಲಸ ಮಾಡಿದಿರಿ ಎಂಬ ವಿವರ, ನಡುವೆ ಆರು ತಿಂಗಳು ಮನೆಯಲ್ಲಿದ್ದರೆ ಅದು ಯಾಕೆ ಎಂಬ ಕಾರಣ. ಸ್ಕ್ಯಾನ್ ಯಂತ್ರಕ್ಕೂ ಅದರದೇ ಪ್ರಮಾಣಪತ್ರ ಬೇಕು. ಕಳಿಸಿದ್ದನ್ನೆಲ್ಲ ಏರ್ಪಾಡಿನವರು ಒಂದೊಂದಾಗಿ ತಾಳೆ ನೋಡುತ್ತಾರೆ, ಆಮೇಲೆ ಕರಾರು, ಆಮೇಲೆ ಪಟ್ಟಿಯಲ್ಲಿ ಹೆಸರು. ಹೆಸರು ಬಂದ ಮೇಲೂ ಸೈನಿಕರು ತಾವಾಗಿ ಬಾಗಿಲು ತಟ್ಟುವಂತಿಲ್ಲ. ಅವರ ವೈದ್ಯರು ಸ್ಕ್ಯಾನ್ ಬೇಕೆಂದು ಬರೆಯಬೇಕು, ಒಪ್ಪಿಗೆ ಪತ್ರ ಆಗಬೇಕು, ಸೈನಿಕರ ಆಸ್ಪತ್ರೆಯಿಂದ ಒಬ್ಬರು ಪಟ್ಟಿ ನೋಡಿ ಹತ್ತಿರದ ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಬೇಕು. ಚಿತ್ರವೂ ವರದಿಯೂ ವಾಪಸ್ ಅವರಿಗೇ ಹೋಗಬೇಕು.

ಐದು ತಿಂಗಳು ಹಿಡಿಯಿತು. ಹೋದ ವರ್ಷ ಸೆಪ್ಟೆಂಬರ್‌ನಲ್ಲಿ ಹೆಸರು ಪಟ್ಟಿಗೆ ಬಂತು. ಡೀನ್ ಅವತ್ತು ಎಲ್ಲರಿಗೂ ಮಾಂಸ, ಆಲೂಗಡ್ಡೆ ತುಂಬಿದ ಪೇಸ್ಟಿ ತಂದು ಹಂಚಿದ್ದರು.

ಆಮೇಲೆ ಯಾರೂ ಬರಲಿಲ್ಲ.

ಅಕ್ಟೋಬರ್ ಹೋಯಿತು, ಜಿಂಕೆ ಬೇಟೆಯ ನವೆಂಬರ್ ಹೋಯಿತು, ಹಿಮ ಬಿದ್ದಿತು. ಒಬ್ಬ ಸೈನಿಕನೂ ಇಲ್ಲ. ಫೆಬ್ರವರಿಯಲ್ಲಿ ಆಸ್ಪತ್ರೆಯ ಆಡಳಿತ ಮಂಡಳಿ ಕೇಳಿದಾಗ ಮಾರ್ಲಿಸ್ ಎದ್ದು ನಿಂತು ಹೇಳಿದ ಮಾತು ಅವರಿಗೆ ಅಕ್ಷರಶಃ ನೆನಪಿದೆ. "‘ನಮ್ಮವರಿಗೆ ಹಳೇ ಜಾಗಾನೇ ರೂಢಿ ಆಗಿದೆ ಅಂತ ಕಾಣುತ್ತೆ’ ಅಂದೆ. ಎಲ್ಲರೂ ತಲೆ ಆಡಿಸಿದ್ರು. ನಾನೂ ಆಡಿಸಿದೆ."

ಆಗಿದ್ದು ಇಷ್ಟು. ಅರ್ಜಿಯಲ್ಲಿ ಸಮಯ ಗೊತ್ತು ಮಾಡಲು ಯಾವ ನಂಬರಿಗೆ ಕರೆ ಮಾಡಬೇಕು ಎಂದು ಒಂದು ಸಾಲು ಇತ್ತು. ಮಾರ್ಲಿಸ್ ತಮ್ಮ ಮೇಜಿನ ಮೇಲಿನ ಫೋನಿನ ನಂಬರು ಬರೆದರು. ಮೂವತ್ತೊಂದು ವರ್ಷ ಪ್ರತಿ ವರದಿಯ ಕೆಳಗೂ ಅವರು ಹಾಕಿರುವುದು ಅದೇ ನಂಬರು. ಬೇರೆ ವೈದ್ಯರಿಗೆ ಅನುಮಾನ ಬಂದರೆ ಕೇಳಲಿ ಎಂದು. ರೇಡಿಯಾಲಜಿಸ್ಟ್‌ಗೆ ರೋಗಿಗಳ ಕಡೆಯಿಂದ ಕರೆ ಬರುವುದು ರೂಢಿಯಲ್ಲೇ ಇಲ್ಲ. ದಿನ ಕೊಡುವ ಕೌಂಟರು ಮುಂಬಾಗಿಲ ಹತ್ತಿರ, ಅದರ ನಂಬರು ಬೇರೆ. ಅದು ಅವರಿಗೆ ಹೊಳೆಯಲೇ ಇಲ್ಲ.

ಆ ಫೋನ್ ರಿಂಗಾಗುವುದೂ ಇಲ್ಲ. ವರದಿ ಹೇಳುವಾಗ ರಿಂಗಾದರೆ ಸದ್ದು ಮೈಕಿಗೆ ಹೋಗಿ, ಮಾತಿನಿಂದ ತಾನಾಗಿ ಮೂಡುವ ಬರವಣಿಗೆ ಕೆಡುತ್ತದೆಂದು ಅವರು ಎಂದೋ ಸದ್ದು ಆರಿಸಿದ್ದರು. ಕರೆ ಬಂದರೆ ಒಂದು ಕೆಂಪು ದೀಪ ಮಿನುಗುತ್ತದೆ. ಕತ್ತಲ ಕೋಣೆಯಲ್ಲಿ ದೀಪ ಮಿನುಗಿದರೆ ಕಣ್ಣು ತಪ್ಪುತ್ತದೆ, ಮಸುಕು ನೆರಳು ಕಾಣುವುದಿಲ್ಲ. ಅದಕ್ಕೆ ಫೋನನ್ನು ಗೋಡೆಯ ಕಡೆ ತಿರುಗಿಸಿಟ್ಟಿದ್ದರು. ಊರಿನ ವೈದ್ಯರಿಗೆ ಇದು ಗೊತ್ತು. ಅವರು ನಡೆದು ಬಂದು ಬಾಗಿಲು ತಟ್ಟುತ್ತಾರೆ. ದೂರದಿಂದ ಕರೆ ಮಾಡುವವರಿಗೆ ಗೊತ್ತಿರಲಿಲ್ಲ.

ಇದೇ ಜೂನ್ ಮೊದಲ ಭಾನುವಾರ, ಚರ್ಚಿನ ನೆಲಮಾಳಿಗೆಯಲ್ಲಿ ಪೂಜೆಯ ನಂತರದ ಕಾಫಿ. ವೇಯ್ನ್‌ರ ಹೆಂಡತಿ ಆರ್ಲಿನ್ ತಟ್ಟೆ ಹಿಡಿದು ಬಂದು ಎದುರಿಗೆ ಕೂತರು.

"ನಿಮ್ಮ ಆಸ್ಪತ್ರೆಯವರು ಫೋನ್ ಎತ್ತಲ್ಲವಂತಲ್ಲ, ಮಾರ್ಲಿಸ್? ಎಲ್ಲರೂ ಮೀನು ಹಿಡಿಯೋಕೆ ಹೋಗಿರ್ತೀರೋ ಹೇಗೆ?"

"ಯಾರು ಹೇಳಿದ್ದು?"

"ಸೈನಿಕರ ಆಸ್ಪತ್ರೆಯ ಹುಡುಗಿ. ಪಾಪ, ಮೂರು ದಿನ ಮಾಡಿದ್ಲಂತೆ. ಕೋಸ್ಕಿ ಬೇಯಲ್ಲಿ ಯಾರೂ ಎತ್ತಲ್ಲ ಕಣ್ರೀ, ನಿಮ್ಮನ್ನ ದಕ್ಷಿಣಕ್ಕೇ ಬರೀತೀನಿ ಅಂದ್ಲು."

"ಯಾವಾಗ?"

"ಅಕ್ಟೋಬರ್‌ನಲ್ಲಿ. ನಮ್ಮನೆಯವರ ಎಕ್ಸ್-ರೇಲಿ ಏನೋ ಮಬ್ಬು ಕಂಡಿತ್ತು. ಸ್ಕ್ಯಾನ್ ಮಾಡ್ಸಿ ಅಂದಿದ್ರು."

"ಮಾಡ್ಸಿದ್ರಾ?"

ಆರ್ಲಿನ್ ಬೆರಳು ಮಡಚಿ ಹೇಳಿದರು. ನೂರ ಎಂಬತ್ತು ಮೈಲಿ. ಒಂದು ಸಲ ಹಿಮಗಾಳಿಗೆ ರಸ್ತೆ ಮುಚ್ಚಿತು. ಇನ್ನೊಂದು ಸಲವೂ ಅದೇ. ಮೂರನೇ ಸಲ ನಡುದಾರಿಯಲ್ಲಿ ಟ್ರಕ್ಕು ಕೆಟ್ಟು ನಿಂತಿತು. ಆಮೇಲೆ ವೇಯ್ನ್ ಬೇಡ ಬಿಡು ಅಂದರು. "ಈಗ ಎರಡು ವಾರದಿಂದ ಕೆಮ್ಮಿದ್ರೆ ಕರವಸ್ತ್ರ ಕೆಂಪಾಗ್ತಿದೆ. ನಂಗೆ ತೋರಿಸಲ್ಲ. ಬಟ್ಟೆ ಒಗೆಯೋಳು ನಾನಲ್ವಾ."

ಮಾರ್ಲಿಸ್ ಕಾಫಿ ಲೋಟ ಕೈಯಲ್ಲೇ ಹಿಡಿದುಕೊಂಡು ಚರ್ಚಿನಿಂದ ಆಸ್ಪತ್ರೆಗೆ ನಡೆದರು. ಕತ್ತಲ ಕೋಣೆಯಲ್ಲಿ ಗೋಡೆಯ ಕಡೆಯಿದ್ದ ಫೋನನ್ನು ತಮ್ಮತ್ತ ತಿರುಗಿಸಿದರು. ಅದರ ನೆನಪಿನಲ್ಲಿ ಉಳಿಯುವುದು ಕೊನೆಯ ಐವತ್ತು ಕರೆ ಮಾತ್ರ. ಅದರಲ್ಲಿ ನಲವತ್ತೊಂದು ಸೈನಿಕರ ಆಸ್ಪತ್ರೆಯದು.

"ನಲವತ್ತೊಂದು ಕರೆ, ಎಷ್ಟು ಜನವೋ," ಎನ್ನುತ್ತಾರೆ. "ಅದಕ್ಕಿಂತ ಹಿಂದಿನವು ಎಷ್ಟೋ, ಅದು ಯಾವತ್ತಿಗೂ ಗೊತ್ತಾಗಲ್ಲ. ಪ್ರತಿಯೊಂದು ಸಲ ಆ ದೀಪ ಮಿನುಗಿದಾಗಲೂ ನಾನು ಅಲ್ಲೇ ಇದ್ದೆ. ಒಂದು ಮೊಳ ದೂರದಲ್ಲಿ. ಯಾರದೋ ಕೈಮೂಳೆ ನೋಡ್ತಾ."

ಸೋಮವಾರ ಬೆಳಿಗ್ಗೆ ಅವರೇ ಸೈನಿಕರ ಆಸ್ಪತ್ರೆಗೆ ಫೋನ್ ಹಚ್ಚಿ ಕೌಂಟರಿನ ನಂಬರು ಕೊಟ್ಟರು, ವೇಯ್ನ್‌ರ ಒಪ್ಪಿಗೆ ಪತ್ರವನ್ನು ಮತ್ತೆ ತರಿಸಿದರು. ಬುಧವಾರ ಸ್ಕ್ಯಾನ್ ಆಯಿತು. ಅಕ್ಟೋಬರಿನ ಎಕ್ಸ್-ರೇಯಲ್ಲಿ ಬಟಾಣಿಯಷ್ಟು ಇದ್ದ ಮಬ್ಬು ಈಗ ಮೂವತ್ತೊಂದು ಮಿಲಿಮೀಟರಿನ ಗೆಡ್ಡೆ. ಎದೆಯ ನಡುವಿನ ಗಂಟುಗಳೂ ಊದಿದ್ದವು. ಕತ್ತರಿಸಿ ತೆಗೆಯುವ ಹಂತ ದಾಟಿತ್ತು.

ಅವತ್ತು ಮಾರ್ಲಿಸ್ ವರದಿ ಹೇಳಿ ಮುಗಿಸಿ, ಕೋಣೆಯಿಂದ ಹೊರಗೆ ಬಂದು, ಕಾಯುವ ಕುರ್ಚಿಗಳ ಹತ್ತಿರ ಹೋದರು. ರೇಡಿಯಾಲಜಿಸ್ಟ್‌ಗಳು ಹಾಗೆ ಹೋಗುವುದಿಲ್ಲ. ಸುದ್ದಿ ಹೇಳುವುದು ಬೇರೆ ವೈದ್ಯರ ಕೆಲಸ. ಅವರು ವೇಯ್ನ್‌ರ ಪಕ್ಕ ಕೂತು ಗೆಡ್ಡೆಯ ವಿಷಯ ಹೇಳಿದರು. ಫೋನಿನ ವಿಷಯವನ್ನೂ ಹೇಳಿದರು.

ವೇಯ್ನ್ ತಮ್ಮ ಟೋಪಿಯ ಅಂಚನ್ನು ಸ್ವಲ್ಪ ಹೊತ್ತು ತಿರುಗಿಸಿದರಂತೆ. "ನಂಗೂ ಹೋಗೋಕೆ ಮನಸ್ಸಿರಲಿಲ್ಲ ಕಣಮ್ಮ," ಅಂದರಂತೆ. "ಹಿಮ ಒಂದು ನೆಪ."

"ಅದು ಅವರ ದೊಡ್ಡ ಮನಸ್ಸು," ಎನ್ನುತ್ತಾರೆ ಮಾರ್ಲಿಸ್. "ಆದ್ರೆ ನಾಲ್ಕು ಮೈಲಿಗೆ ಯಾವ ನೆಪಾನೂ ಸಿಗ್ತಿರಲಿಲ್ಲ."

ಆರ್ಲಿನ್ ಅವತ್ತಿನಿಂದ ಚರ್ಚಿನಲ್ಲಿ ಮಾರ್ಲಿಸ್ ಕೂರುವ ಸಾಲಿಗಿಂತ ಮೂರು ಸಾಲು ಹಿಂದೆ ಕೂರುತ್ತಾರೆ. ಬೇಸಿಗೆಯಲ್ಲಿ ಎಪ್ಪತ್ತು ಮೈಲಿಯಾಚೆಯ ಚಿಕಿತ್ಸೆಗೆ ವೇಯ್ನ್‌ರನ್ನು ಕರೆದೊಯ್ಯಲು ಊರವರು ಸರದಿ ಹಚ್ಚಿಕೊಂಡಾಗ, ಮಾರ್ಲಿಸ್ ತಮ್ಮ ಹೆಸರನ್ನೂ ಬರೆದರು. ಆರ್ಲಿನ್ ಆ ಹೆಸರಿನ ಮೇಲೆ ಗೆರೆ ಎಳೆದು ಬೇರೆಯವರದು ಬರೆದರು.

ಜೂನ್‌ನಿಂದ ಈವರೆಗೆ ನೂರ ಹನ್ನೆರಡು ಮಾಜಿ ಸೈನಿಕರು ಇಲ್ಲಿ ಸ್ಕ್ಯಾನ್, ಎಕ್ಸ್-ರೇ ಮಾಡಿಸಿಕೊಂಡು ಹೋಗಿದ್ದಾರೆ. ಮುರಿದ ಸೊಂಟ, ಸವೆದ ಭುಜ, ಎರಡು ಪುಟ್ಟ ಗೆಡ್ಡೆಗಳು, ಎರಡೂ ಬೇಗ ಸಿಕ್ಕಿದವು. ಅಕ್ಕಪಕ್ಕದ ಜಿಲ್ಲೆಗಳ ಇಬ್ಬರು ರೇಡಿಯಾಲಜಿಸ್ಟ್‌ಗಳು ತಾವೂ ಪಟ್ಟಿಗೆ ಸೇರುವುದು ಹೇಗೆಂದು ಮಾರ್ಲಿಸ್‌ರನ್ನು ಕೇಳುತ್ತಿರುತ್ತಾರೆ.

"ಪರವಾನಗಿ ಹಳೇದಾಗಿದ್ರೆ ಅವರೇ ಕಾಗದ ಬರೆದು ಕೇಳ್ತಾರೆ. ಯಂತ್ರದ ಪ್ರಮಾಣಪತ್ರ ಇಲ್ಲದಿದ್ರೂ ಕೇಳ್ತಾರೆ. ಫೋನ್ ನಂಬರು ತಪ್ಪಿದ್ರೆ ಯಾರೂ ಕೇಳಲ್ಲ, ಅಂತ ಹೇಳ್ತೀನಿ. ನಗ್ತಾರೆ. ನಗಲಿ. ಅರ್ಜಿ ಕಳಿಸೋ ಮುಂಚೆ ಹೊರಗಿನಿಂದ ಆ ನಂಬರಿಗೆ ಒಂದ್ಸಲ ಮಾಡಿ ನೋಡಿ, ಯಾರು ಎತ್ತುತ್ತಾರೆ ಕೇಳಿ, ಅಂತೀನಿ."

ಮಾರ್ಲಿಸ್‌ಗೆ ಇನ್ನೊಂದು ಚಿಂತೆಯಿದೆ. ಅಕ್ಟೋಬರ್ ಕೊನೆಗೆ ನಿವೃತ್ತಿ ಎಂದು ವರ್ಷದ ಹಿಂದೆಯೇ ಬರೆದು ಕೊಟ್ಟಿದ್ದಾರೆ. ಕಾಡಿನ ಅಂಚಿನಲ್ಲಿ ಪುಟ್ಟ ಕ್ಯಾಂಪ್ ಮನೆ ಇದೆ, ಉಗಿಸ್ನಾನದ ಸೌನಾಕ್ಕೆ ಸೌದೆ ಒಟ್ಟಿ ಆಗಿದೆ. ಹೊಸಬರು ಜನವರಿಯಲ್ಲಿ ಬರುತ್ತಾರೆ. ಆದರೆ ಪಟ್ಟಿಯಲ್ಲಿ ಆಸ್ಪತ್ರೆಯ ಹೆಸರು ಇದ್ದರೆ ಸಾಲದು, ಚಿತ್ರ ಓದುವವರ ಹೆಸರೂ ಬೇಕು. ಹೊಸಬರು ಮೊದಲಿನಿಂದ ಎಲ್ಲ ಕಾಗದ ಕಳಿಸಬೇಕು. ಅದು ಮುಗಿಯುವವರೆಗೆ ಸೈನಿಕರನ್ನು ಮತ್ತೆ ದಕ್ಷಿಣಕ್ಕೆ ಬರೆಯುತ್ತಾರೆ, ಅದೂ ಹಿಮಗಾಲದಲ್ಲಿ.

ಏಳೂ ಇಪ್ಪತ್ತಕ್ಕೆ ಟ್ರಕ್ಕಿನ ಸದ್ದು. ಡೀನ್ ಕಿಟಕಿಯಿಂದ ಇಣುಕಿ ಬಂದು ಹೇಳುತ್ತಾರೆ, "ಬಂದ್ರು. ಆರ್ಲಿನ್ ಗಾಡೀಲೇ ಕೂತಿದ್ದಾರೆ."

"ಚಳಿ ಇದೆಯಲ್ಲ."

"ಕರೆದೆ. ಇಲ್ಲೇ ಬೆಚ್ಚಗಿದೆ ಅಂದ್ರು. ಎಂಜಿನ್ ಆರಿಸಿದ್ದಾರೆ."

ವೇಯ್ನ್ ಒಳಗೆ ಬರುತ್ತಾರೆ. ಕೊರಳ ಮೂಳೆ ಎದ್ದು ಕಾಣುವಷ್ಟು ಸೊರಗಿದ್ದಾರೆ, ಬಾಯಿ ಮಾತ್ರ ಸೊರಗಿಲ್ಲ. "ಏನಮ್ಮಾ ಮಾರ್ಲಿಸ್, ನನ್ನ ಹೊಟ್ಟೆಯೊಳಗಿನದನ್ನೆಲ್ಲ ನೋಡಿದ್ದೀಯ, ಒಂದು ದಿನವೂ ಊಟಕ್ಕೆ ಕರೆದಿಲ್ಲ."

"ನೀವು ಮೀನು ಹಿಡ್ಕೊಂಡು ಬನ್ನಿ, ವೇಯ್ನ್. ನಾನು ಹುರೀತೀನಿ."

"ನಿಮ್ಮಣ್ಣನ ಜೊತೆ ಹಿಡಿದಿದ್ದೇ ಕೊನೆ. ಅವನು ನಿನ್ನ ಥರಾನೇ. ಮಾತಿಲ್ಲ ಕತೆಯಿಲ್ಲ, ನೀರು ನೋಡ್ತಾ ಕೂತಿರ್ತಿದ್ದ."

ಡೀನ್ ಅವರನ್ನು ಯಂತ್ರದ ಹಲಗೆಯ ಮೇಲೆ ಮಲಗಿಸುತ್ತಾರೆ. ಉಸಿರು ಎಳೆದುಕೊಳ್ಳಿ, ಹಿಡಿಯಿರಿ, ಬಿಡಿ. ಐದು ನಿಮಿಷದ ಕೆಲಸ. ಮಾರ್ಲಿಸ್ ಆಗಲೇ ಕೋಣೆಯೊಳಗೆ ಹೋಗಿ ಬಾಗಿಲು ಮುಚ್ಚಿದ್ದಾರೆ. ಎಂಟು ನಿಮಿಷವಾದರೂ ವರದಿಯ ದನಿ ಕೇಳುವುದಿಲ್ಲ. ಹನ್ನೆರಡನೇ ನಿಮಿಷಕ್ಕೆ ಶುರುವಾಗುತ್ತದೆ.

"ಬಲ ಶ್ವಾಸಕೋಶ, ಮೇಲಿನ ಹಾಲೆ. ಗೆಡ್ಡೆ ಇಪ್ಪತ್ತನಾಲ್ಕು ಮಿಲಿಮೀಟರ್. ಮೊದಲು ಮೂವತ್ತೊಂದು." ಇಲ್ಲಿ ನಿಲ್ಲುತ್ತಾರೆ. "ಎದೆಯ ನಡುವಿನ ಗಂಟುಗಳು ಕುಗ್ಗಿವೆ. ಬೇರೆಲ್ಲೂ ಹೊಸದು ಕಾಣುತ್ತಿಲ್ಲ."

ಹೊರಗೆ ಬಂದಾಗ ಅವರ ಕಣ್ಣು ಕೆಂಪಾಗಿದೆ. ವೇಯ್ನ್‌ಗೆ ಅಂಕಿ ಹೇಳುತ್ತಾರೆ. ವೇಯ್ನ್ ತಲೆಯಾಡಿಸಿ, "ಹೊರಗಿದ್ದಾಳಲ್ಲ, ಅವಳಿಗೆ ನೀನೇ ಹೇಳು. ನಾನು ಹೇಳಿದ್ರೆ ಏನೋ ಮುಚ್ಚಿಡ್ತಿದ್ದೀನಿ ಅಂತಾಳೆ," ಎನ್ನುತ್ತಾರೆ.

ಮಾರ್ಲಿಸ್ ಉಣ್ಣೆಯ ಚಪ್ಪಲಿಯಲ್ಲೇ ಅಂಗಳ ದಾಟುತ್ತಾರೆ. ಆರ್ಲಿನ್ ಗಾಜು ಅರ್ಧ ಇಳಿಸುತ್ತಾರೆ.

"ಕುಗ್ಗಿದೆ ಆರ್ಲಿನ್. ಹೋಗಿಲ್ಲ. ಕುಗ್ಗಿದೆ. ಹೊಸದು ಬಂದಿಲ್ಲ."

ಆರ್ಲಿನ್ ಮುಂದಿನ ಗಾಜಿನಾಚೆ ನೋಡುತ್ತಾ ಕೇಳುತ್ತಾರೆ, "ಅಕ್ಟೋಬರ್‌ನಲ್ಲೇ ನೋಡಿದ್ದಿದ್ರೆ?"

ಅದಕ್ಕೆ ಉತ್ತರ ಹೇಳದೆ ತಪ್ಪಿಸಿಕೊಳ್ಳುವ ದಾರಿಗಳು ವೈದ್ಯರಿಗೆ ನೂರಿವೆ. ಮಾರ್ಲಿಸ್ ಕಿಟಕಿಯ ಅಂಚಿಗೆ ಕೈಯಿಡುತ್ತಾರೆ.

"ಕತ್ತರಿಸಿ ತೆಗೀಬಹುದಿತ್ತು. ಖಂಡಿತ ಅಂತ ಯಾರೂ ಹೇಳಲಾರರು. ಆದ್ರೆ ಬಹುಶಃ ತೆಗೀಬಹುದಿತ್ತು."

"ಎಲ್ಲರೂ ದೇವರ ಚಿತ್ತ ಅಂದ್ರು," ಎನ್ನುತ್ತಾರೆ ಆರ್ಲಿನ್. "ಪಾದ್ರಿಗಳೂ ಅಂದ್ರು."

"ದೇವರ ಮೇಲೆ ಹಾಕಬೇಡಿ. ಫೋನ್ ನನ್ನದು."

ಆರ್ಲಿನ್ ಮೊದಲ ಸಲ ಅವರ ಕಡೆ ತಿರುಗುತ್ತಾರೆ. ಮುಖದಲ್ಲಿ ಕರುಣೆಯಿಲ್ಲ, ಆದರೆ ಬಿಗಿಯೂ ಅಷ್ಟಿಲ್ಲ. "ಮುಂದಿನ ಸ್ಕ್ಯಾನ್ ಡಿಸೆಂಬರ್‌ಗೆ ಅಂತೆ. ನೀನು ಅಷ್ಟು ಹೊತ್ತಿಗೆ ಕ್ಯಾಂಪ್‌ನಲ್ಲಿ ಕೂತಿರ್ತೀಯಂತೆ. ಯಾರು ನೋಡ್ತಾರೆ?"

"ನಾನೇ ನೋಡ್ತೀನಿ."

"ಚಪ್ಪಲಿ ಒದ್ದೆಯಾಗ್ತಿದೆ, ಒಳಗೆ ಹೋಗು," ಎಂದು ಆರ್ಲಿನ್ ಗಾಜು ಏರಿಸುತ್ತಾರೆ. ವೇಯ್ನ್ ಬಂದು ಹತ್ತುತ್ತಾರೆ. ಟ್ರಕ್ಕು ಹೊರಟುಹೋಗುತ್ತದೆ.

ಒಂಬತ್ತಕ್ಕೆ ಮಾರ್ಲಿಸ್ ಆಡಳಿತದ ಕೋಣೆಗೆ ಹೋಗಿ, ನಿವೃತ್ತಿಯ ಪತ್ರವನ್ನು ಹೊಸಬರ ಹೆಸರು ಪಟ್ಟಿಗೆ ಬರುವವರೆಗೆ ತಡೆಹಿಡಿಯಿರಿ ಎನ್ನುತ್ತಾರೆ. ಗುಮಾಸ್ತೆ ಕಾರಣ ಕೇಳಿದಾಗ, ಕೆಲಸ ಬಾಕಿ ಇದೆ ಎಂದಷ್ಟೇ ಹೇಳುತ್ತಾರೆ. ವಾಪಸ್ ಬರುವಾಗ ದಾರಿಯ ನಡುವೆ ನಿಂತು, ಯಾರೂ ಕೇಳದಿದ್ದರೂ ಮಾತಾಡುತ್ತಾರೆ.

"ಕ್ಷಮಿಸು ಅಂತ ನಾನು ಆರ್ಲಿನ್‌ನ ಕೇಳೋದಿಲ್ಲ. ಕೇಳಿದ್ರೆ ಅದೂ ಅವಳ ಮೇಲೇ ಒಂದು ಹೊರೆ. ಡಿಸೆಂಬರ್ ಹದಿನೇಳಕ್ಕೆ ಇಬ್ಬರೂ ಬಂದ್ರೆ ಸಾಕು. ಅವಳು ಒಳಗೆ ಬರದೆ ಗಾಡೀಲೇ ಕೂತಿದ್ರೂ ಸರಿ." ಎರಡು ಹೆಜ್ಜೆ ನಡೆದು ಸೇರಿಸುತ್ತಾರೆ. "ಅದರ ಮುಂದಿನ ಸ್ಕ್ಯಾನಿಗೆ, ಮಾರ್ಚ್‌ನಲ್ಲೂ ಬರಲಿ."